ರಾಕ್ ಬೇಸ್‌ನಲ್ಲಿ ಜಾನ್ ಎಂಟ್ವಿಸಲ್‌ನನ್ನು ಮೀರಿಸಿದವರು ಇದ್ದಾರಾ? ಪರ-ವಿರೋಧ

ಪ್ರಶ್ನೆ ಇಷ್ಟೇ. ರಾಕ್ ಸಂಗೀತದಲ್ಲಿ ಬೇಸ್ ಗಿಟಾರ್ (ಕೆಳಗಿನ ದಪ್ಪ ಸ್ವರಗಳನ್ನು ನುಡಿಸುವ ಗಿಟಾರ್) ಹಿಡಿದವರ ಪೈಕಿ ಇಂಗ್ಲೆಂಡಿನ ‘ದಿ ಹೂ’ ತಂಡದ ಜಾನ್ ಎಂಟ್ವಿಸಲ್‌ಗೇ ಮೊದಲ ಸ್ಥಾನ ಕೊಡಬೇಕಾ? ಹೌದು ಎಂದು ಬರೆದವರು ಹುಬ್ಬಳ್ಳಿ ಕೇಶ್ವಾಪುರದ ಒಬ್ಬ ಬೇಸ್ ವಾದಕ. ಅಲ್ಲ ಎಂದು ಬರೆದವರು ಧಾರವಾಡದ ಒಬ್ಬ ನಿವೃತ್ತ ಕಾಲೇಜು ಮಾಸ್ತರು. ತಬಲಾ ಬಲ್ಲವರು.

ಪರ: ಮೊದಲ ಸ್ಥಾನ ಬುಕ್ ಆಗಿದೆ

ನೇರವಾಗಿ ಹೇಳಿಬಿಡುತ್ತೇನೆ. ಈ ಪ್ರಶ್ನೆಗೆ ಎರಡು ಉತ್ತರ ಇಲ್ಲ. ರಾಕ್‌ನಲ್ಲಿ ಬೇಸ್ ಅಂದರೆ ಜಾನ್ ಎಂಟ್ವಿಸಲ್. ಎರಡನೇ ಸ್ಥಾನ ಯಾರಿಗೆ ಅಂತ ಬೇಕಾದರೆ ಜಗಳ ಆಡೋಣ, ಬೆಳಗಾಗುವ ತನಕ ಆಡೋಣ. ಜಾಕ್ ಬ್ರೂಸ್, ಕ್ರಿಸ್ ಸ್ಕ್ವೈರ್, ಗೆಡ್ಡಿ ಲೀ, ಜಾನ್ ಪಾಲ್ ಜೋನ್ಸ್, ಕ್ಲಿಫ್ ಬರ್ಟನ್, ಸ್ಟೀವ್ ಹ್ಯಾರಿಸ್, ಈ ಹೆಸರಾಂತ ಬೇಸ್ ವಾದಕರೆಲ್ಲರೂ ಆ ಸಾಲಿನಲ್ಲಿ ನಿಲ್ಲಲಿ. ಮೊದಲ ಸ್ಥಾನ ಮಾತ್ರ ಬುಕ್ ಆಗಿದೆ.

ಒಂದು ಷರತ್ತು. ಇದನ್ನು ಓದುವವರಲ್ಲಿ ಬಹಳ ಜನ ಮೊಬೈಲ್ ಸ್ಪೀಕರ್‌ನಲ್ಲಿ ಹಾಡು ಕೇಳುವವರು ಇರುತ್ತೀರಿ. ಬೇಸಿನ ಎಲ್ಲಕ್ಕಿಂತ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನೊಳಗಿನ ಪುಟ್ಟ ಸ್ಪೀಕರ್‌ಗೆ ಆ ಸ್ವರ ಹೊರಡಿಸುವ ತಾಕತ್ತೇ ಇಲ್ಲ. ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಆಮೇಲೆ ವಾದಕ್ಕೆ ಬನ್ನಿ. ಹೆಡ್‌ಫೋನ್ ಇಲ್ಲದವರ ಜೊತೆ ಬೇಸ್ ಬಗ್ಗೆ ಮಾತಾಡಿ ಮಾತಾಡಿ ನಾನು ಸೋತಿದ್ದೇನೆ.

ಎಂಟ್ವಿಸಲ್ ಹುಟ್ಟಿದ್ದು 1944ರಲ್ಲಿ, ಲಂಡನ್ನಿನಲ್ಲಿ. ಬೆಳೆದದ್ದು ಅಲ್ಲಿಯ ಚಿಸ್ವಿಕ್‌ನಲ್ಲಿ. ಪಿಯಾನೋ ಕಲಿತ, ಟ್ರಂಪೆಟ್ ಕಲಿತ, ಫ್ರೆಂಚ್ ಹಾರ್ನ್ ಊದುತ್ತಾ ಯೂತ್ ಆರ್ಕೆಸ್ಟ್ರಾದಲ್ಲಿ ಕೂತ. ‘ದಿ ಹೂ’ ತಂಡದ ನಾಲ್ವರಲ್ಲಿ ಕ್ರಮವಾಗಿ ಸಂಗೀತ ಕಲಿತವನು ಇವನೊಬ್ಬನೇ. ತನ್ನ ಮೊದಲ ಬೇಸನ್ನು ಮನೆಯಲ್ಲೇ ಮಾಡಿಕೊಂಡ. ಹಗಲು ತೆರಿಗೆ ಕಚೇರಿಯಲ್ಲಿ ಗುಮಾಸ್ತಿಕೆ, ರಾತ್ರಿ ಬ್ಯಾಂಡ್. ಕೊನೆಗೆ ನೌಕರಿ ಬಿಟ್ಟ. (ಸರ್ಕಾರಿ ನೌಕರಿ ಬಿಟ್ಟು ಗಿಟಾರ್ ಹಿಡಿಯುತ್ತೇನೆ ಅಂತ ನಮ್ಮ ಕಡೆ ಮನೆಯಲ್ಲಿ ಹೇಳಿ ನೋಡಿ.)

ಈಗ ಮುಖ್ಯ ಮಾತು. ಸಾಮಾನ್ಯವಾಗಿ ಬ್ಯಾಂಡಿನಲ್ಲಿ ಡ್ರಮ್ಸ್‌ನವನು ತಾಳ ಹಿಡಿಯುತ್ತಾನೆ, ಬೇಸಿನವನು ಅವನು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಅಂಟಿಕೊಂಡು ಹೋಗುತ್ತಾನೆ, ಮೇಲೆ ಗಿಟಾರಿನವನು ಮೆರೆಯುತ್ತಾನೆ. ‘ದಿ ಹೂ’ ತಂಡದಲ್ಲಿ ಇದೆಲ್ಲ ಉಲ್ಟಾ. ಡ್ರಮ್ಸ್‌ನಲ್ಲಿ ಕೀತ್ ಮೂನ್. ಅವನು ಸುಮ್ನೆ ತಾಳ ಹಿಡಿದು ಕೂರುವವನೇ ಅಲ್ಲ, ಹಾಡಿನ ಉದ್ದಕ್ಕೂ ಸೋಲೋ ಹೊಡೆದಂತೆ ಹೊಡೆಯುವವನು. ಗಿಟಾರಿನಲ್ಲಿ ಪೀಟ್ ಟೌನ್‌ಶೆಂಡ್. ಅವನು ತೋಳು ಬೀಸಿ ಬೀಸಿ ಕಾರ್ಡ್ (ಒಟ್ಟಿಗೆ ಮೀಟುವ ಹಲವು ಸ್ವರ) ಹೊಡೆಯುವ ಆಸಾಮಿ, ಉದ್ದುದ್ದ ಲೀಡ್ ನುಡಿಸುವುದು ಅವನ ಮುಖ್ಯ ಕೆಲಸ ಅಲ್ಲ. ಹಾಗಾದರೆ ಒಂದೊಂದೇ ಸ್ವರ ಬಿಡಿಸಿ ನುಡಿಸುವವರು ಯಾರು? ಹಾಡು ಈಗ ಎಲ್ಲಿಗೆ ಬಂದಿದೆ ಅಂತ ಹೇಳುವವರು ಯಾರು? ಎಂಟ್ವಿಸಲ್. ಕೆಳಗಿನ ಬುನಾದಿಯೂ ಅವನದೇ, ಮೇಲಿನ ಲೀಡೂ ಅವನದೇ. ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದ, ಅದೂ ವೇದಿಕೆಯ ಮೂಲೆಯಲ್ಲಿ ಅಲುಗಾಡದೆ ನಿಂತು. ಪಕ್ಕದಲ್ಲಿ ಒಬ್ಬ ಗಿಟಾರ್ ಒಡೆಯುತ್ತಿದ್ದಾನೆ, ಹಿಂದೆ ಒಬ್ಬ ಡ್ರಮ್ಸ್ ಬೀಳಿಸುತ್ತಿದ್ದಾನೆ, ಮುಂದೆ ರೋಜರ್ ಡಾಲ್ಟ್ರಿ ಮೈಕಿನ ವೈರ್ ಹಿಡಿದು ತಿರುಗಿಸುತ್ತಿದ್ದಾನೆ. ಇವನ ಬೆರಳು ಬಿಟ್ಟರೆ ಬೇರೇನೂ ಅಲ್ಲಾಡುವುದಿಲ್ಲ.

1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಕಾರ್ಯಕ್ರಮದ ರೆಕಾರ್ಡಿಂಗ್ ಇದೆ. ಕೇಳಿ. ಮೂರೇ ವಾದ್ಯ, ಒಬ್ಬ ಗಾಯಕ. ಎಲ್ಲಿಯೂ ಖಾಲಿ ಅನ್ನಿಸುವುದಿಲ್ಲ. ಅದು ಸಾಲದಿದ್ದರೆ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ ಹಾಡಿನ ಬೇಸ್ ಟ್ರ್ಯಾಕ್ ಮಾತ್ರ ಬೇರ್ಪಡಿಸಿದ್ದು ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಬೇರೆ ಬೇಸಿಸ್ಟ್‌ಗಳ ಟ್ರ್ಯಾಕನ್ನು ಹೀಗೆ ಒಂಟಿಯಾಗಿ ಕೇಳಿದರೆ ಎರಡು ನಿಮಿಷಕ್ಕೆ ಆಕಳಿಕೆ ಬರುತ್ತದೆ. ಇದನ್ನು ನಾನು ಪೂರ್ತಿ ಕೇಳುತ್ತೇನೆ, ಮತ್ತೆ ಮತ್ತೆ ಕೇಳುತ್ತೇನೆ. ಅಡುಗೆ ಮನೆಯಿಂದ ನಮ್ಮವ್ವ, “ಅದೇನೋ ಅದು, ಹಾಡ ಯಾವಾಗ ಚಾಲೂ ಆಗ್ತದ?” ಅಂತ ಕೇಳುತ್ತಾರೆ. ಚಾಲೂ ಆಗಿದೆ ಅವ್ವಾ, ಇದೇ ಹಾಡು.

1965ರಲ್ಲಿ ‘ಮೈ ಜನರೇಷನ್’ ಬಂತು. ನಡುವೆ ಗಿಟಾರ್ ಸೋಲೋ ಬರಬೇಕಾದ ಜಾಗದಲ್ಲಿ ಬೇಸ್ ಸೋಲೋ ಬಂತು. ಹಿಟ್ ಆದ ರಾಕ್ ಹಾಡಿನಲ್ಲಿ ಬೇಸು ಹೀಗೆ ಎದ್ದು ಮುಂದೆ ಬಂದು ಮಾತಾಡಿದ ಮೊದಮೊದಲ ಉದಾಹರಣೆ ಅದು. ಅದರ ಹಿಂದಿನ ಕಥೆ ನನಗೆ ಇನ್ನೂ ಜಾಸ್ತಿ ಇಷ್ಟ. ಆ ಸೋಲೋಗೆ ಅವನಿಗೆ ತೆಳುವಾದ, ಖಣಖಣ ಅನ್ನುವ ತಂತಿ ಬೇಕಿತ್ತು. ಅಂಥ ತಂತಿ ಇದ್ದದ್ದು ಡ್ಯಾನ್‌ಎಲೆಕ್ಟ್ರೋ ಬೇಸಿನಲ್ಲಿ. ಬಾರಿಸುವ ರಭಸಕ್ಕೆ ತಂತಿ ಹರಿಯುತ್ತಿತ್ತು. ಬಿಡಿ ತಂತಿ ಲಂಡನ್ನಿನಲ್ಲಿ ಸಿಗುತ್ತಿರಲಿಲ್ಲ. ತಂತಿಗಾಗಿ ಹೊಸ ಬೇಸನ್ನೇ ಕೊಂಡ. ಅದರ ತಂತಿಯೂ ಹರಿಯಿತು. ಕೊನೆಗೆ ಅಂಗಡಿಯಲ್ಲಿ ಬೇಸೇ ಮುಗಿದು, ಫೆಂಡರ್ ಜಾಝ್ ಬೇಸಿನಲ್ಲಿ ನುಡಿಸಿ ರೆಕಾರ್ಡ್ ಮಾಡಿದ. ಹುಬ್ಬಳ್ಳಿಯಲ್ಲಿ ಬೇಸ್ ತಂತಿ ಹುಡುಕಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಗಿಟಾರ್ ತಂತಿ ಬೇಕಾದಷ್ಟು ಸಿಗುತ್ತದೆ. ಬೇಸ್ ತಂತಿ ಕೇಳಿದರೆ “ಆರ್ಡರ್ ಹಾಕಬೇಕಾಗ್ತದರಿ” ಅನ್ನುತ್ತಾರೆ. ನಾನು ಹಳೇ ತಂತಿಯನ್ನು ಬಿಸಿನೀರಲ್ಲಿ ಕುದಿಸಿ, ಒರೆಸಿ, ಮತ್ತೆ ಹಾಕುತ್ತೇನೆ.

ತಂತಿಯ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಅಲ್ಲಿಯ ತನಕ ಬೇಸಿಗೆ ಹೆಚ್ಚಾಗಿ ಫ್ಲ್ಯಾಟ್‌ವೌಂಡ್ ತಂತಿ ಹಾಕುತ್ತಿದ್ದರು. ಮೇಲೆ ಸುತ್ತಿದ ಲೋಹದ ಪಟ್ಟಿ ಚಪ್ಪಟೆ, ಸದ್ದು ಮಂದ. ಎಂಟ್ವಿಸಲ್ 1966ರ ಸುಮಾರಿಗೆ ರೋಟೋಸೌಂಡ್ ಕಂಪನಿಯವರ ಜೊತೆ ಕೂತು, ದುಂಡು ಲೋಹದ ತಂತಿ ಸುತ್ತಿದ ರೌಂಡ್‌ವೌಂಡ್ ತಂತಿಗಳನ್ನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡ. ಸದ್ದು ಪಿಯಾನೋದ ಕೆಳಗಿನ ತಂತಿಯ ಹಾಗೆ ಮೊಳಗಿತು. ಕ್ರಿಸ್ ಸ್ಕ್ವೈರ್‌ನ ಆ ಗರಗರ ಸದ್ದು, ಗೆಡ್ಡಿ ಲೀಯ ಆ ಕತ್ತರಿಸುವ ಸದ್ದು, ಇವೆಲ್ಲ ಆ ದಾರಿಯಲ್ಲೇ ಬಂದದ್ದು. ಗೆಡ್ಡಿ ಲೀ ತನ್ನ ಮೇಲೆ ಪ್ರಭಾವ ಬೀರಿದವರನ್ನು ಎಣಿಸುವಾಗ ಎಂಟ್ವಿಸಲ್ ಹೆಸರು ಬಿಡುವುದಿಲ್ಲ. ಇವತ್ತು ಹೊಸ ಬೇಸ್ ಕೊಂಡರೆ ಸಾಮಾನ್ಯವಾಗಿ ಅದರ ಮೇಲೆ ಇರುವುದು ರೌಂಡ್‌ವೌಂಡ್ ತಂತಿಯೇ. ಎಲ್ಲರೂ ಬಳಸುವ ಸದ್ದನ್ನು ಮಾಡಿಕೊಟ್ಟವನಿಗೆ ಮೊದಲ ಸ್ಥಾನ ಕೊಡದೆ ಇನ್ಯಾರಿಗೆ ಕೊಡುತ್ತೀರಿ?

ಬೇಸಿಗೆ ನಮ್ಮಲ್ಲಿ ಇರುವ ಮರ್ಯಾದೆ ಎಷ್ಟು ಅಂತಲೂ ಹೇಳಿಬಿಡುತ್ತೇನೆ. ನಾನು ಬೇಸ್ ಕಲಿತದ್ದು ಚರ್ಚಿನಲ್ಲಿ. ಅಲ್ಲಿ ಪರವಾಗಿಲ್ಲ, ಭಾನುವಾರ ಬೆಳಿಗ್ಗೆ ಬೇಸಿಗೆ ಒಂದು ಸಣ್ಣ ಆ್ಯಂಪು, ಒಂದು ಜಾಗ ಇರುತ್ತದೆ. ರಸಮಂಜರಿಯಲ್ಲಿ ಅದೂ ಇಲ್ಲ. ಕೀಬೋರ್ಡಿನವನ ಎಡಗೈಯೇ ಬೇಸು. ಒಂದು ವರ್ಷ ಗಣೇಶನ ಹಬ್ಬದಲ್ಲಿ ಒಂದು ಆರ್ಕೆಸ್ಟ್ರಾದವರು ನನ್ನನ್ನು ಕರೆದರು. ಬೇಸ್ ಹೆಗಲಿಗೆ ಹಾಕಿಕೊಂಡು ಪೆಂಡಾಲಿಗೆ ಹೋದರೆ ಸೌಂಡಿನವನು, “ಇದಕ್ಕ ಚಾನಲ್ ಇಲ್ಲರಿ” ಅಂದ. ಮಿಕ್ಸರ್ ನೋಡಿದರೆ ಎರಡು ಚಾನಲ್ ಖಾಲಿ. ತೋರಿಸಿದೆ. “ಅದು ಸ್ಪೇರ್ ಐತ್ರಿ” ಅಂದ. ಆಮೇಲೆ ಯಾರೋ ಹೇಳಿ ವೈರ್ ಕೊಡಿಸಿದರು. ಮೊದಲ ಹಾಡಿಗೇ ನನ್ನ ಸದ್ದಿನ ಫೇಡರ್ ಕೆಳಗೆ. ಎರಡನೇ ಹಾಡಿಗೆ ನಾನು ಕೈ ಸನ್ನೆ ಮಾಡಿದೆ, ಒಂದಿಷ್ಟು ಏರಿಸಿದ, ಮೂರನೇ ಹಾಡಿಗೆ ಮತ್ತೆ ಇಳಿಸಿದ. ನನ್ನ ಮುಂದೆ ಮಾನಿಟರ್ ಸ್ಪೀಕರ್ ಇಲ್ಲ. ನಾನು ಏನು ಬಾರಿಸುತ್ತಿದ್ದೇನೆ ಅಂತ ನನಗೇ ಕೇಳಿಸುತ್ತಿಲ್ಲ, ಬೇಸಿನ ಮರ ಎದೆಗೆ ಒತ್ತಿಕೊಂಡು ಅದರ ಅದುರುವಿಕೆಯಿಂದ ಸ್ವರ ಹಿಡಿಯುತ್ತಿದ್ದೇನೆ. ಹೀಗೇ ಒಂದು ಗಂಟೆ ಹೋಯಿತು. ಕುಣಿಯುವ ಹಾಡೊಂದರ ನಡುವೆ ನನ್ನ ವೈರ್ ಕೈಕೊಟ್ಟಿತು. ಬೇಸು ಬಂದ್. ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜ ಕೂತಿದ್ದರು, ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುವವರಂತೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, “ನೀ ಬಾರಸೂದು ನಿಂತಾಗ ನೋಡಪಾ ನನಗ ತಿಳೀತು, ನೀ ಇದ್ದಿ ಅಂತ” ಅಂದರು. ಎಲ್ಲರೂ ಅದನ್ನು ದೊಡ್ಡ ಹೊಗಳಿಕೆ ಅಂದುಕೊಂಡರು. ನನಗೆ ಮೈ ಉರಿಯಿತು. ಎಲ್ಲ ಬೇಸಿನವರ ಹಣೆಬರಹವೂ ಇದೇ! ಬಾರಿಸುವಾಗ ಯಾರಿಗೂ ಕೇಳುವುದಿಲ್ಲ, ನಿಂತಾಗ ಮಾತ್ರ ನೆನಪು. ಮೆಟಾಲಿಕಾದಂಥ ತಂಡವೇ 1988ರ ಆಲ್ಬಮ್‌ನಲ್ಲಿ ಜೇಸನ್ ನ್ಯೂಸ್ಟೆಡ್‌ನ ಬೇಸನ್ನು ಕೇಳಿಸದ ಹಾಗೆ ಮಿಕ್ಸ್ ಮಾಡಿತ್ತು. ಅಷ್ಟು ದೊಡ್ಡವರಿಗೇ ಹಾಗಾದರೆ ನನ್ನ ಸೌಂಡಿನವನ ಮೇಲೆ ಏನು ಸಿಟ್ಟು ಮಾಡಲಿ. ಆ ಹಣೆಬರಹ ಅಳಿಸಿದವನು ಎಂಟ್ವಿಸಲ್. ಅವನು ಬಾರಿಸುವಾಗ ಯಾರಾದರೂ ಅವನನ್ನು ಮರೆಯಲಿ ನೋಡೋಣ.

ಮಾಸ್ತರರು ಪಾಲ್ ಮೆಕಾರ್ಟ್ನಿಯನ್ನು ಕರೆತರುತ್ತಾರೆ ಅಂತ ನನಗೆ ಗೊತ್ತು. ಬೇಸಿನ ಚರ್ಚೆಯಲ್ಲಿ ಬೀಟಲ್ಸ್ ಅಭಿಮಾನಿಗಳು ಬರದೇ ಇರುವುದಿಲ್ಲ. ಮೆಕಾರ್ಟ್ನಿಯ ಹಾಡು ಚೆಂದ, ದನಿ ಚೆಂದ, ಪಿಟೀಲಿನ ಆಕಾರದ ಆ ಬೇಸೂ ಚೆಂದ. ಜನ ಹಾಡಿಗೆ ಸೋತು ಬೇಸಿಗೆ ಮಾರ್ಕ್ಸ್ ಕೊಡುತ್ತಾರೆ. ಅವನು ರಾಗವಾಗಿ ನುಡಿಸುತ್ತಾನೆ ಅನ್ನುತ್ತಾರೆ. ಆಯ್ತಪ್ಪಾ. ಆದರೆ 1966ರ ಆಗಸ್ಟ್ ನಂತರ ಬೀಟಲ್ಸ್ ಊರೂರು ಸುತ್ತಿ ಕಾರ್ಯಕ್ರಮ ಕೊಡುವುದನ್ನೇ ಬಿಟ್ಟರು. ಆಮೇಲೆ ಅವನು ಸ್ಟುಡಿಯೋದಲ್ಲಿ ಚಹಾ ಕುಡಿಯುತ್ತಾ, ಬೇಕಾದಷ್ಟು ಸಲ ನುಡಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದಿತ್ತು. ಎಂಟ್ವಿಸಲ್‌ಗೆ ಪಕ್ಕದಲ್ಲಿ ಕೀತ್ ಮೂನ್ ಇದ್ದ. ಅವನ ಜೊತೆ ಒಂದು ರಾತ್ರಿ ಲೈವ್ ಬಾರಿಸಿ ಬದುಕಿ ಬಂದಿದ್ದರೆ ಮೆಕಾರ್ಟ್ನಿಯ ವಿಷಯ ಮಾತಾಡಬಹುದಿತ್ತು.

ಉಳಿದವರದ್ದು ಬೇಗ ಮುಗಿಸುತ್ತೇನೆ. ಜಾಕ್ ಬ್ರೂಸ್ ಅದ್ಭುತ, ಚೆಲ್ಲೋ ಕಲಿತವನು, ಆದರೆ ಅವನ ಕ್ರೀಮ್ ತಂಡ ಎರಡೇ ಚಿಲ್ಲರೆ ವರ್ಷ ಇತ್ತು. ಮೆಟಾಲಿಕಾದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡಾಗ ಬರೀ 24 ವರ್ಷ. ಅವನು ಬದುಕಿದ್ದರೆ ಈ ಲೇಖನ ಕಷ್ಟವಾಗುತ್ತಿತ್ತು. ಮೋಟರ್‌ಹೆಡ್ ತಂಡದ ಲೆಮ್ಮಿ ಬೇಸನ್ನು ರಿದಂ ಗಿಟಾರಿನ ಹಾಗೆ ಹೊಡೆದ, ನನಗೆ ಬಹಳ ಇಷ್ಟ, ಆದರೆ ಅದು ಬೇರೆಯೇ ವಾದ್ಯ. ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ ಫ್ಲೀ ಕುಣಿಯುತ್ತಾನೆ. ಸ್ಟೀವ್ ಹ್ಯಾರಿಸ್‌ಗೆ ನಾನು ಏನೂ ಅನ್ನುವುದಿಲ್ಲ. 2007ರಲ್ಲಿ ಅವನ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮನೆಯಲ್ಲಿ ಸುಳ್ಳು ಹೇಳಿ ರಾತ್ರಿ ರೈಲು ಹತ್ತಿದವನು ನಾನು.

2011ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ ಓದುಗರನ್ನೇ ಕೇಳಿತು, ಎಲ್ಲ ಕಾಲದ ಶ್ರೇಷ್ಠ ಬೇಸಿಸ್ಟ್ ಯಾರು ಅಂತ. ಬಂದ ಹೆಸರು ಎಂಟ್ವಿಸಲ್. ಅವನು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು ಆಗ. ಜನ ಮರೆತಿರಲಿಲ್ಲ. ಇನ್ನೂ ಅನುಮಾನ ಇದ್ದವರು 1973ರ ‘ದಿ ರಿಯಲ್ ಮಿ’ ಕೇಳಿ. ಒಂದೇ ಟೇಕ್‌ನಲ್ಲಿ ನುಡಿಸಿದ್ದು ಅದು. ಆ ಹಾಡಿರುವ ಆಲ್ಬಮ್‌ನಲ್ಲಿ ಕೇಳುವ ಹಿತ್ತಾಳೆ ವಾದ್ಯಗಳನ್ನು ಊದಿದವನೂ ಅವನೇ. ಮೊದಲು ಬೇಸ್ ಕೇಳಿ, ಆಮೇಲೆ ಹಾರ್ನ್ ಕೇಳಿ, ಆಮೇಲೆ ಕೆಳಗಿರುವ ಮಾಸ್ತರರ ಲೇಖನ ಓದಿ.

ವಿರೋಧ: ಗೋಡೆಯ ಆಚೆಗೂ ಕೇಳಬೇಕು

ನನಗೆ ‘ವಿರೋಧ’ ಬರೆಯಿರಿ ಅಂದರು. ಪರ ಬರೆಯಲು ಕೇಶ್ವಾಪುರದ ತಮ್ಮ ಮೊದಲೇ ತೋಳು ಏರಿಸಿ ನಿಂತಿದ್ದ, ಹಾಗಾಗಿ ಉಳಿದದ್ದು ನನಗೆ ಬಂತು. ಎಂಟ್ವಿಸಲ್ ಕೆಟ್ಟ ವಾದಕ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಕಿವಿಯೇ ನನ್ನನ್ನು ನಂಬುವುದಿಲ್ಲ. ನಿಜ ಹೇಳಬೇಕೆಂದರೆ ಇಂಥ ಸ್ಥಾನಮಾನದ ಲೆಕ್ಕವೇ ನನಗೆ ಅಷ್ಟು ರುಚಿಸುವುದಿಲ್ಲ. ಗಂಗೂಬಾಯಿ ಹಾನಗಲ್ ದೊಡ್ಡವರೋ ಮಲ್ಲಿಕಾರ್ಜುನ ಮನ್ಸೂರ್ ದೊಡ್ಡವರೋ ಅಂತ ಧಾರವಾಡದಲ್ಲಿ ಯಾರಾದರೂ ಓಟು ಹಾಕಿಸಿದ್ದಾರಾ? ಕೇಳಿದರೆ ಎದ್ದು ಹೋಗುತ್ತಾರೆ. ಆದರೂ ಒಪ್ಪಿಕೊಂಡಿದ್ದೇನೆ. ಬರೆಯುತ್ತೇನೆ.

ಮೊದಲು ಸದ್ದಿನ ವಿಷಯ. ತಮ್ಮನ ಲೇಖನ ಪೂರ್ತಿ ಓದಿದೆ. ಅದರಲ್ಲಿ ಇರುವುದು ಒಂದೇ ವಾದ: ಎಂಟ್ವಿಸಲ್ ಜೋರಾಗಿ ಕೇಳಿಸುತ್ತಾನೆ. ಹೌದಪ್ಪಾ, ಕೇಳಿಸುತ್ತಾನೆ. 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಫುಟ್‌ಬಾಲ್ ಮೈದಾನದಲ್ಲಿ ‘ದಿ ಹೂ’ ಬಾರಿಸಿದಾಗ ಸ್ಪೀಕರ್‌ನಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಸದ್ದು ಅಳೆದರು, ಗಿನ್ನೆಸ್ ಪುಸ್ತಕದಲ್ಲಿ ಸೇರಿತು. ಎದೆ ಅದುರಿಸುವುದೇ ದೊಡ್ಡಸ್ತಿಕೆ ಆದರೆ ಗಣಪತಿ ಕಳಿಸುವ ದಿನ ಹುಬ್ಬಳ್ಳಿಯ ಬೀದಿಯಲ್ಲಿ ಹೋಗುವ ಡಿಜೆ ಲಾರಿಗೂ ಒಂದು ಸ್ಥಾನ ಕೊಡಿ. ಆ ಸದ್ದಿಗೆ ನಮ್ಮ ಮನೆಯ ಕಿಟಕಿ ಗಾಜೂ ತಾಳ ಹಾಕುತ್ತದೆ. ಎಂಟ್ವಿಸಲ್‌ಗೇ ಕೊನೆಕೊನೆಗೆ ಕಿವಿ ಮಂದವಾಗಿತ್ತು, ಪಾಪ. ಟೌನ್‌ಶೆಂಡ್‌ನ ಕಿವಿಯ ಗತಿಯೂ ಅದೇ.

ಎರಡನೆಯದು. ಅವನಿಲ್ಲದೆ ‘ದಿ ಹೂ’ ಇಲ್ಲ ಅನ್ನುವಂತೆ ತಮ್ಮ ಬರೆದಿದ್ದಾನೆ. ಎಂಟ್ವಿಸಲ್ 2002ರ ಜೂನ್ 27ರಂದು ಲಾಸ್ ವೇಗಸ್‌ನಲ್ಲಿ ತೀರಿಕೊಂಡ, ಪ್ರವಾಸ ಶುರುವಾಗುವ ಹಿಂದಿನ ದಿನ. ಜುಲೈ 1ಕ್ಕೆ ತಂಡ ಹಾಲಿವುಡ್ ಬೌಲ್‌ನಲ್ಲಿ ವೇದಿಕೆ ಏರಿತು. ಬೇಸ್ ಹಿಡಿದು ನಿಂತವನು ಪಿನೋ ಪಲ್ಲಡಿನೋ. ಇದನ್ನು ಬರೆಯಲು ನನಗೇ ಸ್ವಲ್ಪ ಮುಜುಗರ, ಸತ್ತವರ ವಿಷಯ. ಆದರೂ ನನ್ನ ಪಾಲಿಗೆ ಬಂದದ್ದು ವಿರೋಧ.

ಈಗ ನನ್ನ ನಿಜವಾದ ಮಾತು. ಎಂಬತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ರಾಣೆಬೆನ್ನೂರಿನ ಹುಡುಗ. ಅವನ ಹತ್ತಿರ ದೊಡ್ಡ ಟೇಪ್ ರೆಕಾರ್ಡರ್, ಒಂದು ಟ್ರಂಕ್ ತುಂಬ ಕ್ಯಾಸೆಟ್. ಬಾಗಿಲು ಹಾಕಿಕೊಂಡು ಕೇಳುತ್ತಿದ್ದ, ವಾರ್ಡನ್ ಹೆದರಿಕೆಗೆ. ನಡುವೆ ಹಳೇ ಕಾಲದ ದಪ್ಪ ಗೋಡೆ. ಮೇಲಿನ ಸ್ವರಗಳನ್ನೆಲ್ಲ ಗೋಡೆ ನುಂಗುತ್ತದೆ, ಕೆಳಗಿನ ಸ್ವರ ಮಾತ್ರ ದಾಟಿ ಬರುತ್ತದೆ. ಹಾಗಾಗಿ ನನಗೆ ಗಾಯಕ ಇಲ್ಲ, ಗಿಟಾರ್ ಇಲ್ಲ, ಬರೀ ಬೇಸು. ನಾನು ಆಗ ತಬಲಾ ರಿಯಾಜ್ ಮಾಡುತ್ತಿದ್ದೆ. ಬೇಸ್ ಬಂದಾಗ ಸುಮ್ನೆ ಡಗ್ಗಾ (ತಬಲಾದ ಎಡಗೈ ವಾದ್ಯ) ಮೇಲೆ ಅದರ ಜೊತೆ ಹೋಗುವುದು ಅಭ್ಯಾಸ ಆಯಿತು. ಒಂದು ಕ್ಯಾಸೆಟ್ ಹಾಕಿದರೆ ಗೋಡೆಯಾಚೆ ಗುಡುಗುಡು ಅನ್ನುವ ಸದ್ದು, ಯಾರದ್ದು, ಯಾವ ಹಾಡು, ಏನೂ ತಿಳಿಯುವುದಿಲ್ಲ. ಇನ್ನೊಂದು ಹಾಕಿದರೆ ಬೇಸೇ ಒಂದು ಹಾಡು. ಏರುತ್ತದೆ, ನಿಲ್ಲುತ್ತದೆ, ತಿರುಗಿ ಇಳಿಯುತ್ತದೆ. ಒಂದು ದಿನ ಬಾಗಿಲು ಬಡಿದು, “ಇದ ಯಾವ ಹಾಡೋ?” ಅಂತ ಕೇಳಿದೆ. ಬೀಟಲ್ಸ್ ತಂಡದ ‘ಸಮ್‌ಥಿಂಗ್’. ಆ ಹಾಡಿನ ಬೇಸನ್ನು ನಾನು ಬಾಯಲ್ಲಿ ಗುನುಗಬಲ್ಲೆನಾಗಿದ್ದೆ, ಮಾತು ಮಾತ್ರ ಒಂದೂ ಗೊತ್ತಿರಲಿಲ್ಲ. ಆ ಹುಡುಗ ನಕ್ಕ. ಆಮೇಲೆ ಅದೇ ಆಟವಾಯಿತು. ಅವನು ಕ್ಯಾಸೆಟ್ ಹಾಕಬೇಕು, ನಾನು ಗೋಡೆಯ ಈಚೆಯಿಂದ ಕೂಗಿ ಹೆಸರು ಹೇಳಬೇಕು. ಮೆಕಾರ್ಟ್ನಿ ಬಾರಿಸಿದ್ದು ಬಹುತೇಕ ಹಿಡಿಯುತ್ತಿದ್ದೆ. ‘ದಿ ಹೂ’ ಕ್ಯಾಸೆಟ್ ಬಂದರೆ “ಮಳಿ ಬರ್ತದೇನೋ” ಅಂತ ಕೂಗುತ್ತಿದ್ದೆ. ಈಗ ಅವನು ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುತ್ತಾನೆ, ಮಗಳ ಮದುವೆಗೆ ಕರೆದಿದ್ದ. ಮಂಟಪದಲ್ಲಿ ಬ್ಯಾಂಡಿನವರ ಸದ್ದಿನ ನಡುವೆಯೇ ನನ್ನ ಕಿವಿಯ ಹತ್ತಿರ ಬಂದು ‘ರೇನ್’ ಹಾಡಿನ ಬೇಸ್ ಗುನುಗಿ, “ಹೇಳು ನೋಡೂಣು” ಅಂದ. ಹೇಳಿದೆ. ಅವನ ಹೆಂಡತಿ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು.

ಕೇಶ್ವಾಪುರದ ತಮ್ಮ, ಹೆಡ್‌ಫೋನ್ ಪರೀಕ್ಷೆ ಇಡುತ್ತಾನೆ. ನಾನು ಗೋಡೆ ಪರೀಕ್ಷೆ ಇಡುತ್ತೇನೆ.

ಮೆಕಾರ್ಟ್ನಿ ಬೇಸ್ ಹಿಡಿದದ್ದು ಆಸೆಯಿಂದ ಅಲ್ಲ. 1961ರಲ್ಲಿ ಬೀಟಲ್ಸ್‌ನ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟ, ಉಳಿದವರಿಗೆ ಯಾರಿಗೂ ಬೇಸ್ ಬೇಡ, ಇವನ ಕೊರಳಿಗೆ ಬಿತ್ತು. ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್ ಕೊಟ್ಟು ಹಾಫ್ನರ್ ಬೇಸ್ ಕೊಂಡ. ಎಡಚನಾದ ಇವನು ತಿರುಗಿಸಿ ಹಿಡಿದರೂ ಪಿಟೀಲಿನ ಆಕಾರ ಎರಡೂ ಕಡೆ ಒಂದೇ, ನೋಡಲು ವಿಚಿತ್ರ ಕಾಣದು. ಆ ಬೇಸ್ 1972ರಲ್ಲಿ ಕಳುವಾಗಿ, ಐವತ್ತು ವರ್ಷ ದಾಟಿದ ಮೇಲೆ ಮತ್ತೆ ಅವನ ಕೈಗೆ ಬಂತು ಅಂತ 2024ರಲ್ಲಿ ಸುದ್ದಿಯಾಯಿತು. ನಮ್ಮಲ್ಲಿ ಕಳುವಾದ ಸೈಕಲ್ಲೇ ಸಿಗುವುದಿಲ್ಲ.

ಸ್ಟುಡಿಯೋದಲ್ಲಿ ಕೂತು ಯೋಚಿಸಿ ನುಡಿಸುವುದು ಅಪರಾಧ ಅಂತ ನನಗೆ ತಮ್ಮನ ಲೇಖನದಿಂದ ಗೊತ್ತಾಯಿತು. 1966ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ರೆಕಾರ್ಡ್ ಮಾಡುವಾಗ ಬೇಸು ಎದ್ದು ಕೇಳಲಿ ಅಂತ ಒಂದು ದೊಡ್ಡ ಸ್ಪೀಕರನ್ನೇ ಮೈಕಿನಂತೆ ಬಳಸಿದರು. ಸ್ಪೀಕರ್ ಸದ್ದು ಹೊರಡಿಸುವಂತೆಯೇ ಸದ್ದು ಹಿಡಿಯಲೂ ಬಲ್ಲದು, ಅಷ್ಟೇ ತಂತ್ರ. ಬೇಸನ್ನು ಜನರಿಗೆ ಕೇಳಿಸಿದವನು ಎಂಟ್ವಿಸಲ್ ಒಬ್ಬನೇ ಅನ್ನುವುದು ಹಾಗಾದರೆ ಎಲ್ಲಿ ಉಳಿಯಿತು? ಮೆಕಾರ್ಟ್ನಿ ತಾನು ಯಾರಿಂದ ಕಲಿತೆ ಅಂತಲೂ ಹೇಳಿದ್ದಾನೆ: ಜೇಮ್ಸ್ ಜೇಮರ್ಸನ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ. ಬಲಗೈಯ ಒಂದೇ ಬೆರಳಿನಲ್ಲಿ ನುಡಿಸುತ್ತಿದ್ದ. ಎಷ್ಟೋ ಹಿಟ್ ಹಾಡುಗಳಿಗೆ ಬೇಸ್ ಬಾರಿಸಿದ ಅವನ ಹೆಸರು ರೆಕಾರ್ಡಿನ ಮೇಲೆ ಬಂದದ್ದೇ 1971ರಲ್ಲಿ. ಕೇಶ್ವಾಪುರದ ತಮ್ಮ ರೋಲಿಂಗ್ ಸ್ಟೋನ್ ಓದುಗರ ಓಟಿನ ಲೆಕ್ಕ ಕೊಟ್ಟಿದ್ದಾನಲ್ಲ, ಅದೇ ಪತ್ರಿಕೆ 2020ರಲ್ಲಿ ತಾನೇ ಪಟ್ಟಿ ಮಾಡಿದಾಗ ಮೊದಲ ಹೆಸರು ಜೇಮರ್ಸನ್. ಅವನು ರಾಕ್ ಅಲ್ಲ ಅನ್ನಬಹುದು. ಅನ್ನಲಿ.

ಆ ಹಾರ್ಮೋನಿಯಂ ಅಜ್ಜನ ಮಾತು ನನಗೆ ಬಹಳ ಹಿಡಿಸಿತು. ತಮ್ಮನಿಗೆ ಯಾಕೆ ಮೈ ಉರಿಯಿತೋ ತಿಳಿಯಲಿಲ್ಲ. ಮುಂದೆ ಮೆರೆಯಬೇಕೆಂದರೆ ಗಿಟಾರ್ ಹಿಡಿಯಬೇಕಿತ್ತು. ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್‌ನ ‘ಮನಿ’ ಹಾಡಿನ ಬೇಸ್ ತೆಗೆದುಕೊಳ್ಳಿ. ಏಳು ಮಾತ್ರೆ, ನಮ್ಮ ತಬಲಾದ ರೂಪಕ ತಾಳದಷ್ಟೇ. ಎರಡು ಸಲ ಕೇಳಿದರೆ ಮಕ್ಕಳೂ ಹಾಡುತ್ತಾರೆ. ಕೈಚಳಕ ಏನೂ ಇಲ್ಲ. ಜಾನ್ ಡೀಕನ್ ಕ್ವೀನ್ ತಂಡಕ್ಕೆ 1980ರಲ್ಲಿ ಕಟ್ಟಿಕೊಟ್ಟ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಬೇಸಿನಲ್ಲಿ ಸ್ವರಗಳಿಗಿಂತ ಖಾಲಿ ಜಾಗವೇ ಜಾಸ್ತಿ. ಎಂಟ್ವಿಸಲ್ ಆಗಿದ್ದರೆ ಆ ಖಾಲಿ ಜಾಗದಲ್ಲಿ ಇನ್ನೂ ನಲವತ್ತು ಸ್ವರ ತುರುಕುತ್ತಿದ್ದ ಅಂತ ನನ್ನ ಗುಮಾನಿ. ತಮ್ಮ ಇದಕ್ಕೆ, ‘ದಿ ಹೂ’ ತಂಡದಲ್ಲಿ ಹಾಗೆ ಬಾರಿಸಲೇಬೇಕಿತ್ತು, ಗಿಟಾರಿನವನೂ ಡ್ರಮ್ಸ್‌ನವನೂ ಆ ಕೆಲಸ ಬಿಟ್ಟಿದ್ದರು ಅನ್ನುತ್ತಾನೆ. ಇರಬಹುದು. ಅದು ಆ ತಂಡದ ಸಮಸ್ಯೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು. ನನ್ನನ್ನು ಕೇಳಿದ್ದರೆ ಮೆಕಾರ್ಟ್ನಿಗಿಂತಲೂ ಜಾನ್ ಪಾಲ್ ಜೋನ್ಸ್ ಬಗ್ಗೆ ಬರೆಯುತ್ತಿದ್ದೆ. ಲೆಡ್ ಝೆಪ್ಪೆಲಿನ್‌ಗೆ ಬರುವ ಮೊದಲೇ ಬೇರೆಯವರ ಹಾಡುಗಳಿಗೆ ವಾದ್ಯ ಸಂಯೋಜನೆ ಮಾಡುತ್ತಿದ್ದ. ತಂಡದಲ್ಲಿ ಕೀಬೋರ್ಡೂ ಅವನೇ, ಮ್ಯಾಂಡೊಲಿನ್ನೂ ಅವನೇ. ವೇದಿಕೆಯಲ್ಲಿ ಎರಡು ಕೈ ಕೀಬೋರ್ಡ್ ಮೇಲಿದ್ದಾಗ ಕಾಲಿನಿಂದ ಪೆಡಲ್ ಒತ್ತಿ ಬೇಸ್ ನುಡಿಸುತ್ತಿದ್ದ. 1969ರ ‘ರ್ಯಾಂಬಲ್ ಆನ್’ ಕೇಳಿ, ಗೋಡೆಯ ಆಚೆಯಿಂದಲೂ ಗುರುತು ಸಿಗುತ್ತದೆ. ಅವನ ಹೆಸರಿನಲ್ಲಿ ಮುಂದೆ ಯಾವಾಗಲಾದರೂ ಪರ-ವಿರೋಧ ಮಾಡಿಸುವುದಾದರೆ ಈಗಲೇ ಹೇಳಿಡುತ್ತೇನೆ, ನನಗೆ ಪರ ಕೊಡಿ, ವಿರೋಧವನ್ನು ಕೇಶ್ವಾಪುರದ ತಮ್ಮನಿಗೆ ಕೊಡಿ.